ಹೆಲ್ಮೆಟ್ ಇಲ್ಲದ ಸಿನಿಮಾ

ಅಂತರಿಕ್ಷದ ಸಿನಿಮಾಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಹೆಲ್ಮೆಟ್. ಗಾಜಿನ ಮೇಲೆ ಬೆಳಕು ಬಿದ್ದು ಒಳಗಿನ ಬಾಯಿ ಕಾಣುವುದಿಲ್ಲ. ಬಾಯಿ ಕಾಣದಿದ್ದರೆ ಏನು ಬೇಕಾದರೂ ಹೇಳಿಸಬಹುದು.

ನನ್ನ ಕೆಲಸ ಡಬ್ಬಿಂಗ್‌ಗೆ ಮಾತು ಬರೆಯುವುದು. ಹೊರದೇಶದ ಸಿನಿಮಾ ಬರುತ್ತದೆ, ಜೊತೆಗೆ ಅದರ ಮಾತುಗಳ ಪಟ್ಟಿ ಬರುತ್ತದೆ. ಅವರ ಬಾಯಿ ಎಲ್ಲಿ ತೆರೆಯುತ್ತದೋ ಅಲ್ಲಿ ನಮ್ಮ ಮಾತೂ ತೆರೆಯಬೇಕು. ಅವರ ತುಟಿ ಕೂಡುವಲ್ಲಿ ನಮ್ಮದೂ ಕೂಡಬೇಕು. ಅರ್ಥ ಕೆಡಬಾರದು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ, ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ.

ಹದಿನಾಲ್ಕು ತಿಂಗಳಿಂದ ನಾನು ಹೆಲ್ಮೆಟ್ಟಿನ ಸಿನಿಮಾಗಳನ್ನೇ ಬರೆಯುತ್ತಿದ್ದೆ. ಕೇಳಿ ಪಡೆದದ್ದು. ಅಷ್ಟೇ ತಿಂಗಳ ಹಿಂದೆ ನನ್ನ ಗಂಡ ತೀರಿಕೊಂಡಿದ್ದ. ಒಂದು ಮಂಗಳವಾರ ಬೆಳಿಗ್ಗೆ ಶೂ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಮೂವತ್ನಾಲ್ಕು ವಯಸ್ಸು.

ಆ ಸಿನಿಮಾಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಯಾರಿಗೂ ಕೂತು ಅಳಲು ಪುರಸೊತ್ತಿಲ್ಲ. ಎಲ್ಲೋ ಗಾಳಿ ಸೋರುತ್ತಿರುತ್ತದೆ, ಯಾವುದೋ ಬಾಗಿಲು ಮುಚ್ಚಿಕೊಳ್ಳುತ್ತಿರುತ್ತದೆ, ಓಡಬೇಕು. ಕೆಟ್ಟ ಗುಣವೂ ಇದೆ. ಎಲ್ಲರೂ ಎಲ್ಲರಿಗೂ ಪಾಠ ಹೇಳುತ್ತಾರೆ. ಇಡೀ ಗ್ರಹ ಸುಟ್ಟುಹೋದರೂ ಬದುಕಿ ಬಂದವನನ್ನು ಊಟ ಆಯಿತಾ ಎಂದು ಒಬ್ಬರೂ ಕೇಳುವುದಿಲ್ಲ. ಆ ದಿನಗಳಲ್ಲಿ ಆ ಕೆಟ್ಟ ಗುಣವೂ ನನಗೆ ಹಿಡಿಸಿತ್ತು.

ಹಾಸ್ಯದ ಸಿನಿಮಾಗಳನ್ನು ನಮ್ಮ ಸ್ಟುಡಿಯೋದಲ್ಲಿ ಮೇಷ್ಟ್ರು ಬರೆಯುತ್ತಿದ್ದರು. ಒಂದು ಸೋಮವಾರ ಯಜಮಾನರು ನನ್ನನ್ನು ಕರೆದರು.

"ಮೇಷ್ಟ್ರ ಕಣ್ಣಿಗೆ ಆಪರೇಷನ್ ಆಯ್ತು. ಆರು ವಾರ ಪರದೆ ನೋಡೋ ಹಾಗಿಲ್ಲ. ಇದನ್ನ ನೀವೇ ಮಾಡ್ಬೇಕು."

"ನನಗೆ ರಾಕೆಟ್ಟೇ ಇರಲಿ ಸಾರ್."

"ರಾಕೆಟ್ಟು ಮುಗೀತಮ್ಮ. ಅವನ್ನೆಲ್ಲ ಇನ್ಮೇಲೆ ದೊಡ್ಡ ಸ್ಟುಡಿಯೋದವರೇ ಮಾಡ್ತಾರಂತೆ. ನಮಗೆ ಉಳಿದಿರೋದು ಈ ಅಳು-ನಗುವಿನ ಸಿನಿಮಾಗಳು. ಶುಕ್ರವಾರ ವಿತರಕರು ಬರ್ತಾರೆ. ಊಟದ ಮೇಜಿನ ದೃಶ್ಯ ಒಂದನ್ನ ತೋರಿಸ್ಬೇಕು. ಒಪ್ಪಿದ್ರೆ ಹನ್ನೆರಡು ಸಿನಿಮಾ ನಮ್ಮದು. ಒಪ್ಪದಿದ್ರೆ ನಿಮಗೆ ನಾನು ಯಾವ ಕೆಲಸ ಕೊಡ್ಲಿ, ನೀವೇ ಹೇಳಿ."

ಹೆದರಿಸಲು ಹೇಳಿದ್ದಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಕೆಲಸ ಹೋದರೆ ನಾನು ಅಣ್ಣನ ಊರಿಗೆ ಹೋಗಬೇಕಾಗುತ್ತಿತ್ತು. ಅವನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಅವನು ವಾರಕ್ಕೊಮ್ಮೆ ನೆನಪಿಸುತ್ತಿದ್ದ. ಅತ್ತೆಯ ಜೊತೆ ಈ ಮನೆಯಲ್ಲೇ ಇರಬೇಕೆಂದರೆ ನನಗೆ ಈ ಸ್ಟುಡಿಯೋ ಬೇಕಿತ್ತು.

ಹೊರಗೆ ಬಂದಾಗ ರೆಕಾರ್ಡಿಸ್ಟ್ ಸಿಕ್ಕಿದ. ಕುತ್ತಿಗೆಯಿಂದ ಹೆಡ್‌ಫೋನ್ ತೆಗೆಯದೇ ಊಟ ಮಾಡುವವನಾದ್ದರಿಂದ ಅವನನ್ನು ನಾವು ಹೆಡ್‌ಫೋನ್ ಎಂದೇ ಕರೆಯುವುದು.

"ಆ ಮೇಜಲ್ಲಿ ಏಳು ಬಾಯಿ ಮೇಡಂ," ಎಂದ. "ಒಂದಕ್ಕೂ ಹೆಲ್ಮೆಟ್ ಇಲ್ಲ. ಜೊತೆಗೆ ಸೂಪು ಬೇರೆ ಕುಡೀತಾರೆ. ಅತ್ತೆಯವರ ಹತ್ರ ಪಾಸ್ ಮಾಡಿಸ್ಕೊಂಡೇ ಬನ್ನಿ."

ಅತ್ತೆಯ ಪಾಸ್ ನಮ್ಮ ಸ್ಟುಡಿಯೋದಲ್ಲಿ ಪ್ರಸಿದ್ಧ. ಅತ್ತೆಗೆ ಕಿವಿ ಕೇಳುವುದಿಲ್ಲ. ಮೂವತ್ತಕ್ಕೆ ಮಂದವಾಗಿ ಐವತ್ತಕ್ಕೆ ಪೂರ್ತಿ ಹೋಯಿತಂತೆ. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಹಿಂದೆ ನಾನು ಬರೆದದ್ದನ್ನು ನನ್ನ ಗಂಡ ಟಿವಿಯ ಪಕ್ಕ ನಿಂತು ದನಿಯಿಲ್ಲದೆ ಆಡಿ ತೋರಿಸುತ್ತಿದ್ದ. ಅತ್ತೆ ಒಮ್ಮೆ ಟಿವಿಯ ಬಾಯಿ, ಒಮ್ಮೆ ಮಗನ ಬಾಯಿ ನೋಡಿ "ಕೂತಿತು" ಅಥವಾ "ಕೂರಲಿಲ್ಲ" ಎನ್ನುತ್ತಿದ್ದರು. ಅವನು ಡ್ರೈವಿಂಗ್ ಕಲಿಸುವವನು. ಹುಟ್ಟಿದಾಗಿನಿಂದ ಅಮ್ಮನಿಗಾಗಿ ಬಾಯಿ ಅಗಲಿಸಿ ಅಗಲಿಸಿ, ಬ್ರೇಕ್ ಎನ್ನುವಾಗಲೂ ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ ಕಾಣುತ್ತಿದ್ದ. ಮನೆ ತುಂಬ ಜನ ಇದ್ದಾಗ ತಾಯಿ ಮಗ ಕೋಣೆಯ ಎರಡು ತುದಿಯಲ್ಲಿ ನಿಂತು, ಸದ್ದಿಲ್ಲದೆ, ಬಂದವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಹೆಲ್ಮೆಟ್ಟಿನ ಸಿನಿಮಾಗಳಿಗೆ ಪಾಸ್ ಬೇಕಿರಲಿಲ್ಲ. ಹಾಗಾಗಿ ಅವನಿಲ್ಲದ ಈ ಹದಿನಾಲ್ಕು ತಿಂಗಳಲ್ಲಿ ಆ ಆಟ ಆಡಿರಲಿಲ್ಲ.

ಸಿನಿಮಾದ ಕತೆ ಇಷ್ಟು. ಎಪ್ಪತ್ತು ದಾಟಿದ ಕ್ಷೌರಿಕ, ಹೆಂಡತಿ ಸತ್ತು ಎರಡು ವರ್ಷ. ಭಾನುವಾರದ ಊಟಕ್ಕೆ ಮಕ್ಕಳು ಅಳಿಯಂದಿರು ಸೇರಿರುತ್ತಾರೆ. ಸೂಪು ಬಡಿಸುವಾಗ ಮುದುಕ, ನಾಳೆಯಿಂದ ನಾನು ಈಜು ಕಲಿಯುತ್ತೇನೆ ಎನ್ನುತ್ತಾನೆ. ಎಲ್ಲರೂ ಒಟ್ಟಿಗೆ ಬಾಯಿ ಹಾಕುತ್ತಾರೆ. ದೊಡ್ಡ ಮಗಳು ನಕ್ಕು ಏನೋ ಅನ್ನುತ್ತಾಳೆ, ಮೇಜೆಲ್ಲ ನಗುತ್ತದೆ, ಮುದುಕ ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತಾನೆ. ಆ ಒಂದು ಮಾತು ಕೂತರೆ ದೃಶ್ಯ ಕೂತಂತೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಬರೆದು ಮುಗಿಸಿದೆ. ಅತ್ತೆ ಕಿಟಕಿಯ ಬಳಿ ಬಟಾಣಿ ಬಿಡಿಸುತ್ತ ಕೂತಿದ್ದರು.

"ಇದೇನು, ರಾಕೆಟ್ ಇಲ್ವಾ?" ಎಂದರು.

"ಇಲ್ಲ. ಹೊರದೇಶದ ಹಾಸ್ಯ."

"ನನಗೆ ರಾಕೆಟ್ಟೇ ಒಳ್ಳೇದಪ್ಪ. ಕೆಳಗೆ ಬರೋ ಅಕ್ಷರದಲ್ಲಿ ಒಂದೊಂದೇ ಮಾತಿರುತ್ತೆ. ಓಡು. ಬಗ್ಗು. ಬಂತು. ಹಾಸ್ಯದ್ದು ನಾನು ಓದಿ ಮುಗಿಸೋ ಹೊತ್ತಿಗೆ ಅವರು ನಕ್ಕು ಮುಗಿಸಿರ್ತಾರೆ. ಎಲ್ಲರೂ ಉಂಡು ಎದ್ದ ಮೇಲೆ ನಾನೊಬ್ಬಳೇ ಎಲೆ ಮುಂದೆ ಕೂತ ಹಾಗೆ."

ನಾನು ಟಿವಿಯ ಸದ್ದು ತೆಗೆದು, ಪಕ್ಕದಲ್ಲಿ ನಿಂತು, ಹಾಳೆ ನೋಡಿ ಒಂದೊಂದೇ ಮಾತು ಆಡುತ್ತ ಹೋದೆ. ಅತ್ತೆ ಪ್ರತಿಯೊಂದಕ್ಕೂ ತಲೆಯಾಡಿಸಿದರು. ಕೂತಿತು. ಕೂತಿತು. ಇದೂ ಕೂತಿತು. ಇಷ್ಟು ಸುಲಭವೇ ಎಂದು ನನಗೆ ಸಮಾಧಾನವಾಯಿತು. ಮೂರನೇ ಹಾಳೆ ಮಗುಚಿದೆ. ನನ್ನ ಮೇಜಿನ ಮೇಲೆ ಹಳೆಯ ಹಾಳೆಗಳೂ ಹೊಸವೂ ಕಲೆತುಹೋಗಿದ್ದವೆಂದು ಕಾಣುತ್ತದೆ. ಪರದೆಯ ಮೇಲೆ ಮಗಳು ಸೂಪಿನ ಬಟ್ಟಲು ಹಿಡಿದು ಅಪ್ಪನ ಕಡೆ ಬಾಗಿದಳು. ನಾನು ಓದಿದೆ:

"ಎಡಗಡೆಯ ಎಂಜಿನ್ ಕೆಟ್ಟಿದೆ. ಇನ್ನು ನಾಲ್ಕು ನಿಮಿಷದಲ್ಲಿ ಶತ್ರುಗಳು ಬರುತ್ತಾರೆ. ಎಲ್ಲರೂ ಹೆಲ್ಮೆಟ್ ಹಾಕಿಕೊಳ್ಳಿ."

ಓದಿ ಮುಗಿದ ಮೇಲೆ ನನಗೆ ತಿಳಿಯಿತು. ಅತ್ತೆಯ ಮುಖ ನೋಡಿದೆ.

"ಚೆನ್ನಾಗಿದೆ," ಎಂದರು. "ಮಗಳು ಅಂದ್ರೆ ಹೀಗೆ ಮಾತಾಡ್ಬೇಕು."

ನಾನು ಸಿನಿಮಾ ನಿಲ್ಲಿಸಿ ಅವರ ಎದುರು ಬಂದು ಕೂತೆ.

"ಅತ್ತೆ, ನಾನೀಗ ಏನಂದೆ?"

"ಅಪ್ಪನಿಗೆ ಏನೋ ಅಂದಳು."

"ಏನು?"

"ಒಳ್ಳೇದೇ ಅಂದಿರ್ತಾಳೆ. ನೀನು ಬರೆದದ್ದಲ್ವಾ."

ಅತ್ತೆ ಒಂದು ಬಟಾಣಿ ಬಿಡಿಸಿ, ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕಿದರು.

"ಗೊತ್ತಾಗಲಿಲ್ಲ," ಎಂದರು. "ನಿನ್ನ ಮಾತು ನನಗೆ ಗೊತ್ತಾಗಲ್ಲ. ಅವನು ಹೋದಾಗಿಂದ ಗೊತ್ತಾಗ್ತಾ ಇಲ್ಲ. ಹತ್ತರಲ್ಲಿ ಎರಡು ಮಾತು ಸಿಗುತ್ತೆ. ಉಳಿದದ್ದಕ್ಕೆ ಕೋಲೆಬಸವನ ಹಾಗೆ ತಲೆ ಆಡಿಸ್ತೀನಿ. ನೀನು ತುಟಿ ಬಿಚ್ಚೋದೇ ಇಲ್ಲ. ಬಾಯಿ ಹೊಲಿದ ಚೀಲದ ಹಾಗೆ."

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗಂಡ ಹೋದವಳಿಗೆ ಬಾಯಿ ದೊಡ್ಡದು ಮಾಡು ಅನ್ಲಾ?"

ನಾನು ಸಕ್ಕರೆ ಬೇಡವೆಂದರೂ ಅತ್ತೆ ದಿನಾ ಟೀಗೆ ಎರಡು ಚಮಚ ಹಾಕುತ್ತಿದ್ದರು. ಒಮ್ಮೆ ಛತ್ರಿ ಕೇಳಿದರೆ ಬಾಚಣಿಗೆ ತಂದುಕೊಟ್ಟಿದ್ದರು. ಮಗನನ್ನು ಕಳೆದುಕೊಂಡವರ ಮನಸ್ಸು ಎಲ್ಲೋ ಇದೆ ಎಂದುಕೊಂಡು ನಾನು ಆ ಟೀ ಕುಡಿದೆ, ಆ ಬಾಚಣಿಗೆಯನ್ನೂ ತೆಗೆದುಕೊಂಡೆ.

ಇನ್ನೊಂದು ನೆನಪಾಯಿತು.

"ಅವನು ಹೋಗಿ ಎರಡು ತಿಂಗಳಾದಾಗ ನಿಮ್ಮನ್ನ ಒಂದು ಮಾತು ಕೇಳಿದ್ದೆ. ಇಲ್ಲೇ ಇರ್ಲಾ, ಅಣ್ಣನ ಮನೆಗೆ ಹೋಗ್ಲಾ ಅಂತ. ತಲೆ ಆಡಿಸಿದ್ರಿ."

ಈ ಸಲ ಮಾತೊಂದೊಂದನ್ನೂ ಬಿಡಿಸಿ ಹೇಳಿದ್ದೆ. ಅತ್ತೆಗೆ ತಿಳಿಯಿತು. ಮುಖದಲ್ಲೇ ಕಂಡಿತು.

"ಅದನ್ನಾ ಕೇಳಿದ್ದು? ನಾನು ಹಾಲ್ ಕಿಟಕಿಗೆ ಹೊಸ ಪರದೆ ತರೋಣ ಅಂತೀಯ ಅಂದ್ಕೊಂಡೆ. ಆಮೇಲೆ ಪರದೇನೇ ಬರ್ಲಿಲ್ಲ."

"ಇರು ಅಂದ್ರಿ ಅಂತ ನಾನು ಅಂದ್ಕೊಂಡೆ."

"ಒಳ್ಳೇದಾಯ್ತು ಬಿಡು," ಎಂದು ಅತ್ತೆ ಬಟಾಣಿಯ ತಟ್ಟೆ ಕೆಳಗಿಟ್ಟರು. "ತಪ್ಪು ಮಾತಿಗೆ ಸರಿಯಾಗೇ ತಲೆ ಆಡಿಸಿದ್ದೀನಿ. ಈಗ ಏಳು. ಬೆಳಕಿಗೆ ಬಾ."

ನನ್ನನ್ನು ಕಿಟಕಿಯ ಎದುರು ಕೂರಿಸಿದರು. ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಹೂಂ, ಶುರು ಮಾಡು. ನಾನು ಅಪ್ಪ, ನೀನು ಮಗಳು."

ಮೊದಲ ಮಾತಿಗೇ ಕೈ ಎತ್ತಿದರು. "ಕೂರಲಿಲ್ಲ." ಎರಡನೆಯದೂ ಕೂರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ನನಗೆ ಇಲ್ಲ ಎನ್ನುತ್ತಿದ್ದರು. ಅಲ್ಲಿಯವರೆಗೆ ಎಲ್ಲರೂ ನಾನೇನಂದರೂ ಆಗಲಿ ಎಂದೇ ಅನ್ನುತ್ತಿದ್ದರು. ದವಡೆ ನೋಯತೊಡಗಿತು. ದೊಡ್ಡ ಮಗಳ ಮಾತಿಗೆ ಬಂದೆವು.

"ಅಪ್ಪಾ, ನೀವು ಸ್ನಾನದ ತೊಟ್ಟಿಯನ್ನೇ ದಾಟಲಾರಿರಿ," ಎಂದೆ.

"ದಾಟಲಾರಿರಿ," ಎಂದು ಅತ್ತೆ ರಾಗ ಎಳೆದರು. "ಅಪ್ಪನಿಗೆ ಕೋರ್ಟ್ ನೋಟಿಸ್ ಕೊಡ್ತಿದ್ದಾಳಾ? ನಾನು ಮಗಂಗೆ ಏನಂತಿದ್ದೆ? ಮಳೆ ಬಂದ್ರೆ ಮಂಚ ಹತ್ತೋನು ಅಂತಿದ್ದೆ."

ಅದು ನಿಜ. ಅವನಿಗೆ ನೀರೆಂದರೆ ಆಗುತ್ತಿರಲಿಲ್ಲ. ಬಚ್ಚಲಲ್ಲಿ ಬಕೆಟ್ ಉಕ್ಕಿದರೆ ಕಾಲು ಮೇಲೆತ್ತಿಕೊಂಡು ನನ್ನನ್ನು ಕೂಗುತ್ತಿದ್ದ.

ನಾನು ಸಿನಿಮಾ ಹಿಂದಕ್ಕೆ ಓಡಿಸಿದೆ. ಮಗಳ ತುಟಿ ನಾಲ್ಕು ಸಲ ಕೂಡುತ್ತದೆ, ಕೊನೆಗೆ ಸ್ವಲ್ಪ ಅಗಲವಾಗುತ್ತದೆ. "ಅಪ್ಪಾ, ಮಳೆ ಬಂದ್ರೆ ಮಂಚ ಹತ್ತೋರು ನೀವು," ಎಂದು ಆಡಿದೆ. ಅತ್ತೆ ಪರದೆ ನೋಡಿದರು, ನನ್ನನ್ನು ನೋಡಿದರು.

"ಕೂತಿತು," ಎಂದರು.

ಆಮೇಲೆ, ನಾನು ಮಾತು ಬಿಡಿಸಿ ಹೇಳುತ್ತ, ಇಬ್ಬರೂ ಇಡೀ ಸಿನಿಮಾ ನೋಡಿದೆವು. ಕೊನೆಯಲ್ಲಿ ಎಲ್ಲರೂ ಮೇಜಿನ ಸುತ್ತ ತಬ್ಬಿಕೊಳ್ಳುತ್ತಾರೆ. ಈ ಜಾತಿಯ ಸಿನಿಮಾಗಳ ದೋಷವೇ ಅದು. ಉಪ್ಪು ಹೆಚ್ಚಾಯಿತು ಎಂದು ಎಷ್ಟು ಚೆನ್ನಾಗಿ ಜಗಳವಾಡುತ್ತಾರೋ ಅಷ್ಟೇ ಬೇಗ ಒಂದಾಗುತ್ತಾರೆ. ಗೋಡೆಯ ಮೇಲೆ ಸತ್ತ ತಾಯಿಯ ಫೋಟೋ ಇರುತ್ತದೆ. ಅವಳ ಬಗ್ಗೆ ಒಬ್ಬೊಬ್ಬರೂ ಒಂದೊಂದು ಸಿಹಿ ಮಾತು ಹೇಳುತ್ತಾರೆ.

"ಆ ಹೆಂಗಸಿಗೆ ಒಂದೂ ಕೆಟ್ಟ ಬುದ್ಧಿ ಇರ್ಲಿಲ್ವಾ?" ಎಂದರು ಅತ್ತೆ. "ನನ್ನ ಮಗ ಒದ್ದೆ ಟವಲ್ಲು ಹಾಸಿಗೆ ಮೇಲೆ ಹಾಕ್ತಿದ್ದ."

"ನನ್ನ ಕಡೆಗೇ ಹಾಕ್ತಿದ್ದ," ಎಂದೆ, ಬಾಯಿ ಅಗಲಿಸಿ.

ಅತ್ತೆ ಜೋರಾಗಿ ನಕ್ಕರು. ತಮ್ಮ ನಗು ಎಷ್ಟು ಜೋರು ಎಂಬುದು ಅವರಿಗೆ ಗೊತ್ತಾಗುವುದಿಲ್ಲ.

ಗುರುವಾರ ರೆಕಾರ್ಡಿಂಗ್ ಆಯಿತು. ಶುಕ್ರವಾರ ವಿತರಕರ ಕಡೆಯಿಂದ ಒಬ್ಬ ಹೆಂಗಸು ಬಂದರು, ಕನ್ನಡಕ, ಕೈಯಲ್ಲಿ ಪೆನ್ನು. ದೃಶ್ಯ ಓಡಿತು. ಅವರು ನಗಲಿಲ್ಲ. ಯಜಮಾನರು ತಮ್ಮ ಉಗುರು ನೋಡಿಕೊಂಡರು. "ಇನ್ನೊಂದ್ಸಲ ಹಾಕಿ," ಎಂದರು ಆಕೆ. ಎರಡನೇ ಸಲ ಮಂಚದ ಮಾತಿಗೆ ಪೆನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಭುಜ ಅಲುಗಿತು.

"ಮೊದಲ್ನೇ ಸಲ ಇವರು ನಮ್ಮೋರೇ ಅಂದ್ಕೊಂಡು ಕೂತಿದ್ದೆ," ಎಂದರು. "ಡಬ್ಬಿಂಗ್ ಅನ್ನೋದೇ ಮರೆತುಹೋಯ್ತು. ಮುಂದಿನ ತಿಂಗಳಿಂದ ಕಳಿಸ್ತೀವಿ."

ಆಕೆ ಹೋದ ಮೇಲೆ ಯಜಮಾನರು ನನ್ನ ಬಳಿ ಬಂದರು. "ಆ ಮಂಚದ ಮಾತು ಮೂಲದಲ್ಲಿ ಇದೆಯಾ?"

"ಇಲ್ಲ ಸಾರ್. ನಮ್ಮ ಮನೇದು."

"ಇರ್ಲಿ ಬಿಡಿ. ಅಂಥವು ಇನ್ನೂ ಇವೆಯಾ?"

"ಸುಮಾರಿವೆ."

ಹೆಡ್‌ಫೋನ್ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದ. ಅಲ್ಲಿಂದ ಮಾತು ಕೇಳುವುದಿಲ್ಲ. ಆದರೂ ಅವನು "ಅತ್ತೆ ಪಾಸ್" ಎಂದದ್ದು ನನಗೆ ಕಾಣಿಸಿತು.

ಮನೆಗೆ ಬಂದಾಗ ಅತ್ತೆ ಟೀಗೆ ಇಟ್ಟಿದ್ದರು. ಅವರ ಎದುರು, ಬೆಳಕು ನನ್ನ ಮುಖದ ಮೇಲೆ ಬೀಳುವ ಕಡೆ ನಿಂತು, ಹನ್ನೆರಡು ಸಿನಿಮಾ ಎಂದೆ. ನಾನು ಎಲ್ಲಿಗೂ ಹೋಗುವುದಿಲ್ಲ ಎಂದೆ. ಅಣ್ಣನಿಗೆ ಇವತ್ತೇ ಫೋನ್ ಮಾಡುತ್ತೇನೆ ಎಂದೆ. ಅತ್ತೆ ತಲೆಯಾಡಿಸಲಿಲ್ಲ. "ಸರಿ. ಹಾಗಿದ್ರೆ ನಾಳೆ ಹೋಗಿ ಆ ಪರದೆ ತಂದುಬಿಡೋಣ," ಎಂದರು.

ಸಕ್ಕರೆ ಡಬ್ಬಿಗೆ ಕೈ ಹಾಕಿದಾಗ ಹೇಳಿದೆ: "ಅತ್ತೆ, ನನಗೆ ಸಕ್ಕರೆ ಬೇಡ."

ಕೈ ಅಲ್ಲೇ ನಿಂತಿತು. "ಮತ್ತೆ ಇಷ್ಟು ದಿನ ಕುಡಿದ್ಯಲ್ಲ?"

"ಕುಡಿದೆ."

"ಎರಡೆರಡು ಚಮಚ."

"ಹೌದು."

"ಒಳ್ಳೆ ಜೋಡಿ," ಎನ್ನುತ್ತ ಸಕ್ಕರೆ ಹಾಕದೆ ಲೋಟ ಕೊಟ್ಟರು. ಇಬ್ಬರೂ ಕಿಟಕಿಯ ಬಳಿ ಕೂತೆವು. ಒಂದು ಗುಟುಕು ಕುಡಿದೆ. ಕಹಿ. ಇನ್ನೊಂದು ಗುಟುಕು ನೋಡಿದೆ. ಅದೂ ಹಾಗೇ. ಎರಡು ಚಮಚದ ರುಚಿ ನನಗೆ ಯಾವಾಗ ಹತ್ತಿತ್ತೋ ಗೊತ್ತಾಗಿರಲಿಲ್ಲ.

"ಅತ್ತೆ, ಒಂದು ಚಮಚ ಹಾಕಿ."

"ಏನಂದೆ?"

ಅವರಿಗೆ ಮೊದಲ ಸಲವೇ ತಿಳಿದಿತ್ತು. ಕಣ್ಣು ನಗುತ್ತಿತ್ತು. ಆದರೂ ಇನ್ನೊಮ್ಮೆ, ಬಾಯಿ ಇನ್ನಷ್ಟು ಅಗಲಿಸಿ, ಹೇಳಿದೆ.