ವಿಳಾಸದ ಎರಡನೇ ಸಾಲು

ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿದ್ದ ದೇವೇಂದ್ರರ ಗೊಬ್ಬರದಂಗಡಿಗೆ ೨೦೦೪ರ ಮೇ ತಿಂಗಳಲ್ಲಿ ಸರ್ವರ್ ಬಂತು. ಸುಮ್ಮನೆ ಬರಲಿಲ್ಲ. ಹಾಸನದಿಂದ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು, ಮದುವಣಗಿತ್ತಿಯ ಹಾಗೆ ಬಂತು. ದೇವೇಂದ್ರ ಅದಕ್ಕೆ ಸೇವಂತಿಗೆ ಹಾರ ಹಾಕಿದರು, ಕುಂಕುಮ ಇಟ್ಟರು. ಅದರ ನೆತ್ತಿಯ ಮೇಲೇ ಕಾಯಿ ಒಡೆಯಲು ಹೊರಟಾಗ ಕಂಪ್ಯೂಟರ್ ಜೋಡಿಸಲು ಬಂದಿದ್ದ ಸುನಿಲ್‌ಕುಮಾರ್ ಓಡಿ ಬಂದು ಕೈ ಹಿಡಿದುಕೊಂಡ.

ಬಿಲ್ ಹಾಕುವ ಸುಮಿತ್ರಮ್ಮನಿಗೆ ಈ ಸಡಗರ ಒಂದಿಷ್ಟೂ ಹಿಡಿಸಲಿಲ್ಲ. ಹತ್ತು ವರ್ಷ ಅವಳ ಜೊತೆ ದುಡಿದ ಹಳೇ ಕಂಪ್ಯೂಟರಿಗೆ ಯಾರೂ ಒಂದೆಸಳು ಹೂವು ಇಟ್ಟಿರಲಿಲ್ಲವಲ್ಲ ಅಂತ ಅವಳ ಕೋಪ. ವಯಸ್ಸು ನಲವತ್ತಾರು. ತಮ್ಮನ ಓದು ಮುಗಿಯಲಿ, ತಂಗಿಯ ಮದುವೆ ಆಗಲಿ ಅಂತ ತನ್ನ ಮದುವೆ ಮುಂದೂಡುತ್ತ ಹೋಗಿ, ಕೊನೆಗೆ ಕೇಳುವವರೇ ಇಲ್ಲದಂತಾಗಿತ್ತು. ಹಾಗಂತ ಅವಳೇನೂ ಅಳುತ್ತ ಕೂತವಳಲ್ಲ. ಬಾಯಿ ಜೋರು, ಕಣ್ಣು ಅದಕ್ಕಿಂತ ಚುರುಕು.

ಆ ಚುರುಕು ಕಣ್ಣೇ ಅವಳಿಗೆ ಫಜೀತಿ ತಂದಿಟ್ಟಿದ್ದು. ನಮ್ಮ ಸೀಮೆಯಲ್ಲಿ ಕಾಫಿ, ಮೆಣಸು ಎಷ್ಟು ಬೇಕಾದರೂ ಬೆಳೆಯುತ್ತದೆ, ಹೆಸರಿಗೆ ಮಾತ್ರ ಬರ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟೂ ಇಟ್ಟೂ ಅಂಗಡಿಯ ಪಟ್ಟಿಯಲ್ಲಿ ಹನ್ನೊಂದು ಜನ ತೋಟಪ್ಪ, ಒಂಬತ್ತು ಜನ ದ್ಯಾವಯ್ಯ ಸೇರಿಕೊಂಡಿದ್ದರು. ‘ಯಸಳೂರು ತೋಟಪ್ಪ’ ಅಂದರೆ ಮೂವರು ತಿರುಗಿ ನೋಡುತ್ತಿದ್ದರು. ಒಬ್ಬನ ಯೂರಿಯಾ ಇನ್ನೊಬ್ಬನ ಬಿಲ್ಲಿಗೆ ಹತ್ತಿ ಎರಡು ಸಲ ಹೊಡೆದಾಟವೇ ಆದ ಮೇಲೆ ಸುಮಿತ್ರಮ್ಮ ಒಂದು ಉಪಾಯ ಹೂಡಿದಳು. ಹಳೇ ಕಂಪ್ಯೂಟರಿನಲ್ಲಿ ವಿಳಾಸದ ಎರಡನೇ ಸಾಲು ಅಂತ ಒಂದು ಖಾನೆ ಖಾಲಿ ಬಿದ್ದಿತ್ತು. ಪರದೆಯ ಮೇಲೆ ಕಾಣುತ್ತಿತ್ತು, ಬಿಲ್ಲಿನಲ್ಲಿ ಅಚ್ಚಾಗುತ್ತಿರಲಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಒಂದೇ ಹೆಸರಿನ ಒಬ್ಬೊಬ್ಬರಿಗೂ ಗುರುತು ಬರೆದಿಟ್ಟಳು. ಎರಡು ಹೆಂಡಿರು. ಅಳುಮುಂಜಿ. ಕೂತರೆ ಏಳಲ್ಲ. ಎಲೆಯಡಿಕೆ, ದೂರ ನಿಲ್ಲು.

ಹಳೆಯದನ್ನೆಲ್ಲ ಸರ್ವರಿಗೆ ಸಾಗಿಸುವ ದಿನ ಸುನಿಲ್‌ಕುಮಾರ್ ಕೇಳಿದ್ದ, “ಮೇಡಂ, ಬೇಡದ ಖಾನೆ ಯಾವುದಾದ್ರೂ ಇದ್ರೆ ಹೇಳಿ, ಬಿಟ್ಬಿಡ್ತೀನಿ.”

ಸುಮಿತ್ರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿಂದ ದೇವೇಂದ್ರ ಕೂಗಿದರು: “ಒಂದಕ್ಷರ ಬಿಡಂಗಿಲ್ಲ ಕಣಪ್ಪ! ಎಲ್ಲಾ ಏರ್ಸು!” ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಕೇಳಿದ ಮೇಲೆ ಓದುತ್ತಾರೆ. ಅವಳು ತೆರೆದ ಬಾಯಿ ಮುಚ್ಚಿದಳು. ಜನ್ಮದಲ್ಲಿ ಒಂದೇ ಸಲ ಸುಮ್ಮನಿದ್ದಳು, ಅದೂ ಇರಬಾರದ ಕಡೆ.

ಸೋಮವಾರ ಬೆಳಿಗ್ಗೆ ಹೊಸ ಯಂತ್ರ ಅರ್ಧ ಗಂಟೆಯಲ್ಲಿ ತಿಂಗಳ ಲೆಕ್ಕದ ಇನ್ನೂರು ಬಿಲ್ ಉಗುಳಿತು. ಎರಡು ದಿನದ ಕೆಲಸ! ಸುಮಿತ್ರಮ್ಮ ಬೆರಗಾಗಿ ಯಂತ್ರ ನೋಡಿದಳೇ ಹೊರತು ಬಿಲ್ ನೋಡಲಿಲ್ಲ. ಅಟೆಂಡರ್ ಗಿಡ್ಡಯ್ಯ ಪ್ರತಿ ತಿಂಗಳಂತೆ ಊರಿಗೊಂದು ಕಟ್ಟು ಕಟ್ಟಿ ಬಸ್ಸಿನ ಕಂಡಕ್ಟರುಗಳಿಗೆ ಕೊಟ್ಟು ಬಂದ. ಕಂಡಕ್ಟರು ಅದನ್ನು ಆಯಾ ಊರಿನ ಟೀ ಅಂಗಡಿಗೆ ಎಸೆಯುತ್ತಾನೆ, ಅಂಗಡಿಯವರು ಮೊಳೆಗೆ ಚುಚ್ಚಿಡುತ್ತಾರೆ, ಅವರವರದ್ದು ಅವರವರು ಕಿತ್ತುಕೊಂಡು ಹೋಗುತ್ತಾರೆ. ಕವರು ಗಿವರು ಏನೂ ಇಲ್ಲ.

ಹನ್ನೊಂದು ಗಂಟೆಗೆ ಕೆ. ಹೊಸಕೋಟೆಯ ದ್ಯಾವಯ್ಯ ಎರಡು ಮೂಟೆ ಸುಣ್ಣ ಕೊಂಡು ಬಿಲ್ ಈಸಿಕೊಂಡ. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದ: “ಅ... ಳು... ಮುಂ... ಜಿ. ಇದ್ಯಾವೂರಮ್ಮ?”

ಸುಮಿತ್ರಮ್ಮ ಬಿಲ್ಲನ್ನು ಕಿತ್ತುಕೊಂಡು ನೋಡಿದಳು. ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಊರೂರಿನ ಜನ ಬೈಯುವುದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ, ತಿರುಗಿಸಿ ಬೈಯುವ ಶಕ್ತಿ ಅವಳಿಗಿತ್ತು. ಜೀವ ಹೋದದ್ದು ಮಾರನಹಳ್ಳಿಯ ಕಟ್ಟು ನೆನೆದು. ಅಲ್ಲಿ ಇಬ್ಬರು ತೋಟಪ್ಪಂದಿರು. ಒಬ್ಬನಿಗೆ ‘ಸಿಡುಕ’ ಅಂತ ಬರೆದಿದ್ದಳು. ಇನ್ನೊಬ್ಬ ಹೆಂಡತಿ ತೀರಿಕೊಂಡು ಎಂಟು ವರ್ಷವಾದ ಸಣ್ಣ ಬೆಳೆಗಾರ, ತಿಂಗಳಿಗೊಮ್ಮೆ ಬಿಳಿ ಜೀಪಿನಲ್ಲಿ ಬಂದು ಅವಳ ಬೈಗುಳಕ್ಕೆ ಬಾಯ್ತುಂಬ ನಗುವವನು. ಅವನಿಗೆ ‘ಬಿಳಿ ಜೀಪು’ ಅಂತ ಬರೆಯಬಹುದಿತ್ತು. ಅವಳು ಬರೆದದ್ದು ‘ನಕ್ಕರೆ ಚೆಂದ’.

ಮಾರನಹಳ್ಳಿಯಲ್ಲಿ ಟೀ ಅಂಗಡಿ ಇಟ್ಟಿದ್ದ ಹುಲಿಯಮ್ಮನಿಗೆ ಫೋನ್ ಮಾಡಿದಳು.

“ಹುಲಿಯಮ್ಮ, ಆ ಬಿಲ್ಲೆಲ್ಲ ಒಳಗಿಟ್ಬುಡು, ಯಾರಿಗೂ ಕೊಡ್ಬೇಡ!”

“ಎಲ್ರೂ ಓದ್ಬುಟ್ರು ಕಣಕ್ಕಾ. ಬಾಳ ಚೆನ್ನಾಗೈತೆ. ಮುಂದಿನ ತಿಂಗ್ಳೂ ಹಿಂಗೇ ಹಾಕಿ.”

“ಜೀಪಿನ ತೋಟಪ್ಪೋರ್ದು?”

“ಅದೊಂದು ಇನ್ನೂ ಮೊಳೇಲೇ ಐತೆ.”

“ಕಿತ್ತು ಒಲೆಗೆ ಹಾಕು, ನಿನ್ನ ಕಾಲಿಗೆ ಬೀಳ್ತೀನಿ!”

“ಹಾಕ್ತೀನಿ ಇರಿ... ಅಯ್ಯೋ, ಜೀಪ್ ಬಂತು. ಇಳುದ್ರು. ತಗೊಂಡ್ರು ಕಣಕ್ಕಾ.”

ಮಾರನೇ ದಿನ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ರಸ್ತೆಯವರೆಗೆ ಸಾಲು ನಿಂತಿತ್ತು. ದೇವೇಂದ್ರ ಕೋಣೆಯ ಚಿಲಕ ಹಾಕಿಕೊಂಡರು. ಆದರೆ ಬಂದವರಲ್ಲಿ ಯಾರಿಗೂ ಜಗಳ ಬೇಕಿರಲಿಲ್ಲ, ತಿದ್ದುಪಡಿ ಬೇಕಿತ್ತು. ಊರಿಗೆಲ್ಲ ಗೊತ್ತಿರುವ ಸಂಗತಿ, ಬರೆಯುವುದಾದರೆ ಸರಿಯಾಗಿ ಬರೆಯಿರಿ ಅಂತ ಅವರ ವಾದ.

“ಎರಡು ಹೆಂಡಿರು ಅಂತ ಹಾಕಿದ್ದೀರಿ. ಚಿಕ್ಕೋಳು ತೌರಿಗೆ ಹೋಗಿ ಮೂರು ವರ್ಸ ಆತು. ಒಂದು ಅಂತ ಮಾಡಿ.”

“ಎಲೆಯಡಿಕೆ ಯುಗಾದಿಗೇ ಬುಟ್ಟೆ. ತಗೀರಿ ಅದನ್ನ.”

ಅದೇ ಹೆಸರಿನವರು ಇನ್ನೊಬ್ಬರಿಲ್ಲದ ಯಸಳೂರಿನ ಭೂತಯ್ಯ ಕಣ್ಣಲ್ಲಿ ನೀರು ತಂದುಕೊಂಡಿದ್ದ. “ನಂಗ್ಯಾಕಮ್ಮ ಏನೂ ಹಾಕಿಲ್ಲ? ನಾನು ನಿಮ್ಮ ಗಿರಾಕಿ ಅಲ್ವಾ?” ಅವನಿಗೆ ‘ಒಳ್ಳೆಯವ’ ಅಂತ ಹಾಕಿಕೊಟ್ಟಳು. ಸಿಟ್ಟು ಮಾಡಿದವನು ಮಾರನಹಳ್ಳಿಯ ಸಿಡುಕ ತೋಟಪ್ಪ ಒಬ್ಬನೇ. “ಯಾವನೋ ಸಿಡುಕ?” ಅಂತ ಅವನು ಮೇಜು ಗುದ್ದಿದ ರಭಸಕ್ಕೆ ಗಿಡ್ಡಯ್ಯನ ಕೈಲಿದ್ದ ಟೀ ಲೋಟ ಬಿತ್ತು. ಅವನದನ್ನು ತಿದ್ದಲಿಲ್ಲ.

ಬಿಳಿ ಜೀಪು ಮಾತ್ರ ಬರಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಸುಮಿತ್ರಮ್ಮನ ಬೆರಳು ಕೀಲಿಗಳ ಮೇಲೆ ನಿಂತುಬಿಡುತ್ತಿತ್ತು. ನಾಚಿಕೆಯಾಗುತ್ತಿತ್ತು. ಈ ವಯಸ್ಸಿನಲ್ಲಿ ಇದೇನು ಅವಸ್ಥೆ ಅಂತ ತನ್ನನ್ನೇ ಬೈದುಕೊಂಡಳು. ಇನ್ನು ಅವನು ಗೊಬ್ಬರಕ್ಕೆ ಬೇರೆ ಅಂಗಡಿಗೇ ಹೋಗುತ್ತಾನೇನೋ ಅನ್ನಿಸಿದಾಗ, ಬೈದುಕೊಳ್ಳುವುದಕ್ಕೂ ಮನಸ್ಸು ಬರಲಿಲ್ಲ.

ಗುರುವಾರ ಜೀಪು ಬಂತು. ತೋಟಪ್ಪ ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡು ಸಾಲಿನ ಕೊನೆಯಲ್ಲಿ ನಿಂತ. ಮುಖದಲ್ಲಿ ನಗು ಇಲ್ಲ. ‘ಕಂಪ್ಯೂಟರಿನ ತಪ್ಪು’ ಅಂತ ಹೇಳಲು ಸುಮಿತ್ರಮ್ಮ ಮೂರು ಥರ ಮಾತು ಜೋಡಿಸಿಟ್ಟಿದ್ದಳು.

ಎದುರಿಗೆ ಬಂದವನು ಅವಳು ಬಾಯಿ ತೆರೆಯುವ ಮೊದಲೇ ನಾಲ್ಕು ಮಡಿಕೆಯ ಬಿಲ್ಲನ್ನು ಮೇಜಿನ ಮೇಲೆ ಬಿಡಿಸಿಟ್ಟ.

“ಎಲ್ರೂ ತಿದ್ಸ್ಕೊಂಡು ಹೋಗ್ತಾವ್ರಂತೆ. ನಂದೂ ಹಳೇದಾಗ್ಬುಟ್ಟೈತೆ ಕಣ್ರೀ.”

ಕರ್ಚೀಫು ತೆಗೆದು ನಕ್ಕ. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಇರಲಿಲ್ಲ.

“ಹೋದ ವಾರ ಹಾಸನದಲ್ಲಿ ಕೀಳಿಸ್ದೆ. ಅದುಕ್ಕೇ ಮೂರು ದಿನ ಬರಾಕೆ ಧೈರ್ಯ ಬರ್ಲಿಲ್ಲ. ಸರಿಯಾಗಿ ನೋಡಿ ಹೇಳಿ. ಅಳಿಸ್ಬೇಕಾ?”

ಸುಮಿತ್ರಮ್ಮ ನೋಡಿದಳು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತೇ ನೋಡಿದಳು. ಗಿಡ್ಡಯ್ಯ ಒರೆಸುವ ಬಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದ.

“ತಿದ್ದೋ ಅಂಥದ್ದೇನೂ ಇಲ್ಲ,” ಅಂದಳು ಸುಮಿತ್ರಮ್ಮ. ಆಮೇಲೆ ಜೋರಾಗಿ ಕೂಗಿದಳು, “ಮುಂದಿನೋರು ಬನ್ನಿ!”

ಮುಂದಿನವರು ಯಾರೂ ಇರಲಿಲ್ಲ. ತೋಟಪ್ಪ ಬಿಲ್ಲನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, ಮೇಜಿನ ಎದುರಿದ್ದ ಕುರ್ಚಿ ಎಳೆದು ಕೂತ.