ಒಡೆಯದೇ ಉಳಿದ ಕಾರ್ಡು

ಸಾವಂತ್ರವ್ವನಿಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದು ಆರು ಅಂಕಿಗಳಿಂದ.

ಮೂರು ವಾರಕ್ಕೊಮ್ಮೆ, ಮುಂಜಾನೆ ಹತ್ತರ ಸುಮಾರಿಗೆ ಚಂದಪ್ಪನ ಫೋನು ಕುಂಯ್ ಅನ್ನುತ್ತಿತ್ತು. ಅವನು ಕಣ್ಣು ಕಿರಿದು ಮಾಡಿ ನೋಡಿ, ದನದ ಕೊಟ್ಟಿಗೆಯ ಹಿಂದೆ ಹೋಗಿ, ಯಾರಿಗೋ ಒಂದೊಂದೇ ಅಂಕಿ ಹೇಳುತ್ತಿದ್ದ. ಆರು ಮುಗಿದ ಕೂಡಲೇ ಫೋನು ಇಡುತ್ತಿದ್ದ. ಮಟಕಾ ಆಡುವವರು ಹೀಗೇ ಅಂಕಿ ಬರೆಸುವುದನ್ನು ಅವಳು ದೇವಣಗಾಂವದ ಪಾನಪಟ್ಟಿ ಅಂಗಡಿಯ ಮುಂದೆ ಎಷ್ಟೋ ಸಲ ಕೇಳಿದ್ದಳು. ಆದರೆ ಚಹಾದ ಹತ್ತು ರೂಪಾಯಿಗೂ ತನ್ನ ಮುಂದೆ ಕೈಯೊಡ್ಡುವ ಗಂಡ ಯಾವ ದುಡ್ಡಿನಿಂದ ಆಡುತ್ತಾನೆ? ಅವಳು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ, ಸುಮ್ಮನಿದ್ದರೆ ತಾನಾಗಿ ಸಿಕ್ಕಿಬೀಳುತ್ತಾನೆ ಎಂದು ಕಾದಳು. ಆ ಮನೆಯಲ್ಲಿ ಮಾತಿಗಿಂತ ಕಾಯುವುದೇ ಹೆಚ್ಚು.

ಅಷ್ಟರಲ್ಲಿ ತೊಗರಿ ಹೊಲದಲ್ಲಿ ಚಂದಪ್ಪ ಎದೆ ಹಿಡಿದುಕೊಂಡು ಕುಳಿತ. ಸಿಂದಗಿಯ ಸರಕಾರಿ ದವಾಖಾನೆಯವರು ಇಸಿಜಿ ತೆಗೆದು, ಚೀಟಿ ಬರೆದು ವಿಜಯಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು, ಸೋಮವಾರ ಬರ್ರಿ ಅಂದರು. ತಡ ಮಾಡಬೇಡಿ ಎಂದೂ ಅಂದರು.

ಆಸ್ಪತ್ರೆಯ ಬಾಗಿಲ ಪಕ್ಕದಲ್ಲಿ ಆರೋಗ್ಯ ಯೋಜನೆಯ ಮೇಜು. ಬಡವರ ರೇಷನ್ ಕಾರ್ಡು ಇದ್ದ ಮನೆಗೆ ವರ್ಷಕ್ಕೆ ಐದು ಲಕ್ಷದವರೆಗಿನ ಖರ್ಚು ಸರಕಾರದ್ದು ಎಂದು ಗೋಡೆಯ ಮೇಲೆ ಬರೆದದ್ದನ್ನು ಯಾರೋ ಓದಿ ಹೇಳಿದರು. ಪುಕ್ಕಟೆ ಎಂಬ ಮಾತನ್ನು ಸಾವಂತ್ರವ್ವ ಎಂದೂ ನಂಬಿದವಳಲ್ಲ. ಮೇಜಿನ ಹಿಂದೆ ಕುಳಿತ ಭಾಗ್ಯಜ್ಯೋತಿ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಕಾರ್ಡಿನ ನಂಬರು ಒತ್ತಿ, ಪರದೆಯನ್ನು ಎರಡನೆಯ ಸಲ ಓದಿದಳು. ಸಾವಂತ್ರವ್ವ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದಳು.

"ಅವ್ವಾರ, ನಿಮ್ಮ ಕಾರ್ಡಿನ್ಯಾಗ ಈ ವರ್ಷದ್ದು ಅರವತ್ತು ಸಾವಿರ ಅಷ್ಟ ಉಳದೈತ್ರಿ."

"ಹೆಂಗ? ನಾವು ಒಂದು ಗುಳಿಗಿ ತಗೊಂಡಿಲ್ಲ."

"ಕೋಮಲಾ ಅನ್ನೂ ಹೆಸರಿಲೆ ಖರ್ಚಾಗೇತ್ರಿ. ನಿಮ್ಮ ಮನಿಯವರೇನು?"

"ನೆಗೆಣ್ಣಿ, ಮೈದುನನ ಹೇಣ್ತಿ. ಬ್ಯಾರೆ ಆಗಿ ಎಂಟು ವರ್ಷ ಆತು. ಏನಂತ ಬ್ಯಾನಿ ಆಕಿಗೆ?"

"ಅದನ್ನ ನಾ ಹೇಳಂಗಿಲ್ರಿ, ಅದು ಅವರದು. ನಿಮ್ಮ ಯಜಮಾನ್ರ ಸ್ಟೆಂಟಿಗೆ ಉಳದಿದ್ದಷ್ಟೂ ಬೇಕಾಗ್ತೈತಿ. ಕೋಮಲಾ ಅವರದೂ ಸೋಮವಾರನ ಐತಿ. ಅವರು ಮೊದಲ ಬರಸಿದ್ರ ನಿಮಗ ಸಾಲಂಗಿಲ್ಲ. ಹೊಸ ವರ್ಷದ ಲೆಕ್ಕ ಶುರುವಾಗಾಕ ಇನ್ನಾ ಐದು ತಿಂಗಳು. ಮನ್ಯಾಗ ಮಾತಾಡ್ಕೋರಿ."

ಬೆಂಚಿನ ಮೇಲೆ ಕುಳಿತಿದ್ದ ಚಂದಪ್ಪನ ಕಡೆ ಸಾವಂತ್ರವ್ವ ಹೊರಳಿ ನೋಡಿದಳು. ಅವನು ತನ್ನ ಚಪ್ಪಲಿ ನೋಡುತ್ತಿದ್ದ. ದೇವಣಗಾಂವಕ್ಕೆ ಮರಳುವ ಬಸ್ಸಿನಲ್ಲಿ ಅವಳು ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಿಟಕಿಯ ಕಡೆ ಕುಳಿತಳು.

ಎಂಟು ವರ್ಷದ ಹಿಂದೆ ಅಣ್ಣ ತಮ್ಮ ಪಾಲಾದಾಗ ಹೊಲ, ದನ, ಮನೆ, ಬಾವಿಯ ನೀರಿನ ಸರದಿ ಎಲ್ಲ ಎರಡಾಗಿತ್ತು. ಕಾರ್ಡು ಮಾತ್ರ ಒಂದೇ ಉಳಿದಿತ್ತು. ಮೈದುನ ಪರಶು ಹೆಂಡತಿಯನ್ನು ಕರೆದುಕೊಂಡು ಸಿಂದಗಿಗೆ ಹೋಗಿ ಬೇಳೆ ಮಿಲ್ಲಿನಲ್ಲಿ ಹಮಾಲಿ ಹಿಡಿದ. ತಿಂಗಳಿಗೊಮ್ಮೆ ಬಂದು ತನ್ನ ಪಾಲಿನ ಅಕ್ಕಿ ಒಯ್ಯುತ್ತಿದ್ದ. ಹೋದ ತಿಂಗಳೂ ಬಂದಿದ್ದ. ಹೆಂಡತಿಗೆ ಬೇನೆ ಎಂದು ಒಂದು ಮಾತೂ ಆಡಿರಲಿಲ್ಲ. ಕೋಮಲಳನ್ನಂತೂ ಸಾವಂತ್ರವ್ವ ತಿಂಗಳ ಹಿಂದಷ್ಟೇ ಮುದ್ದೇಬಿಹಾಳದಲ್ಲಿ ನೆಂಟರ ಮದುವೆಯೊಂದರಲ್ಲಿ ಕಣ್ಣಾರೆ ಕಂಡಿದ್ದಳು. ಹಣೆಯವರೆಗೆ ಸೆರಗು ಹೊತ್ತು, ಹಿರಿಯರ ಮುಂದೆ ತಗ್ಗಿಬಗ್ಗಿ ಓಡಾಡುತ್ತಿದ್ದಳು. ರೋಗದವಳು ಮದುವೆಗೆ ಬರುತ್ತಾಳೆಯೆ?

ಕಾರ್ಡು ಕೊಟ್ಟು, ಇಲ್ಲದ ರೋಗ ಬರೆಸಿ, ದುಡ್ಡು ಹಂಚಿಕೊಳ್ಳುವವರು ಇರುತ್ತಾರೆ ಎಂದು ಅವಳು ಕೇಳಿದ್ದಳು. ಈಗ ಕೊಟ್ಟಿಗೆಯ ಹಿಂದಿನ ಅಂಕಿಗಳೂ ಒಂದು ಸಾಲಿಗೆ ಬಂದು ಕುಳಿತವು. ಗಂಡನೂ ಇದರಲ್ಲಿದ್ದಾನೆ. ತನ್ನ ಎದೆಯನ್ನೇ ತಮ್ಮನಿಗೆ ಮಾರಿಕೊಂಡು ಕುಳಿತಿದ್ದಾನೆ.

ಶನಿವಾರ, ಗುಳಿಗೆ ತರುತ್ತೇನೆಂದು ಹೇಳಿ ಅವಳು ಸಿಂದಗಿಯ ಬಸ್ಸು ಹತ್ತಿದಳು.

ಕೋಮಲ ಬಾಗಿಲು ತೆಗೆದಳು. ಹಣೆಯವರೆಗೆ ಅದೇ ಸೆರಗು.

"ಬರ್ರಿ ಅಕ್ಕಾ. ದಾರಿ ತಪ್ಪಿ ಬಂದೀರೇನು?"

"ದಾರಿ ತಪ್ಪಿದವರು ಬ್ಯಾರೇದವರು. ಪರಶು ಎಲ್ಲಿ?"

"ಮಿಲ್ಲಿಗೆ ಹೋಗ್ಯಾರ."

"ಬೇಷಾತು. ನಿನ್ನನ್ನ ಕೇಳ್ತೇನಿ. ನಮ್ಮ ಕಾರ್ಡ ಯಾರಿಗೆ ಮಾರಿದ್ರಿ? ನಿಮ್ಮ ಪಾಲೆಷ್ಟು, ನಿಮ್ಮ ಭಾವಂದೆಷ್ಟು?"

ಕೋಮಲ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ತಂಬಿಗೆ ಹಿಡಿದ ಬೆರಳುಗಳ ಉಗುರು ಬುಡದಿಂದ ಕಪ್ಪಿಟ್ಟಿದ್ದವು. ಸಾವಂತ್ರವ್ವ ಅದನ್ನು ನೋಡಿದಳು, ಕಾಣದವಳಂತೆ ನೀರು ಕುಡಿದಳು. ಆಗ ಕೋಮಲ ಬಾಗಿಲು ಮುಂದೆ ಮಾಡಿ ಸೆರಗು ಹಿಂದೆ ಸರಿಸಿದಳು. ತಲೆಯ ಮೇಲೆ ಕೂದಲಿರಲಿಲ್ಲ.

"ಇದು ನನ್ನ ಪಾಲು," ಎಂದಳು. "ಕ್ಯಾನ್ಸರ್ ಗಂಟು ಅಂತ ಎಡಗಡೆ ಎದಿ ತೆಗದಾರ. ಮ್ಯಾಲ ಆರು ಕೀಮೋ ಸಲೈನ್ ಅಂದಾರ. ನಾಕ ಆಗ್ಯಾವ, ಎರಡ ಉಳದಾವ."

ಸಾವಂತ್ರವ್ವ ತಂಬಿಗೆಯನ್ನು ಮೆಲ್ಲಗೆ ನೆಲಕ್ಕೆ ಇಟ್ಟಳು. ಮದುವೆಯ ಮನೆಯಲ್ಲಿ ತಾನು ಮರ್ಯಾದೆ ಎಂದು ತಿಳಿದಿದ್ದ ಸೆರಗು ಅದು.

"ನಿಮ್ಮ ಭಾವಂದೇನೈತಿ ಇದರಾಗ?"

"ಆಧಾರ ಮಾಡಿಸುಮುಂದ ಮನ್ಯಾಗ ಇದ್ದದ್ದು ಅವರದೊಂದ ಫೋನು. ಎಲ್ಲಾರೂ ಅದ ನಂಬರ ಕೊಟ್ಟಿದ್ವಿ. ನನ್ನ ಬೆರಳು ಮಶೀನಿಗೆ ಹತ್ತವಲ್ದು, ಉಗುರು ಬೆರಳು ಎಲ್ಲಾ ಹಾಳಾಗ್ಯಾವ. ಹೋದಾಗೊಮ್ಮಿ ಅವರ ಫೋನಿಗೆ ಆರು ಅಂಕಿ ಬರ್ತಾವ. ಅವರು ಹೇಳ್ತಾರ, ನಮ್ಮ ಮನಿಯವರು ಆಸ್ಪತ್ರ್ಯಾಗ ಬರಸ್ತಾರ."

"ನನಗ ಯಾಕ ಮುಚ್ಚಿಟ್ರಿ?"

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ."

"ಅಂತಿದ್ದಿಲ್ಲ."

ಕೋಮಲ ಅವಳ ಮುಖವನ್ನೇ ನೋಡಿದಳು. ಸಾವಂತ್ರವ್ವ ಆ ನೋಟವನ್ನು ತಡೆದುಕೊಂಡಳು, ಆದರೆ ಒಳಗೆ ತನ್ನ ಮಾತು ತನಗೇ ನಂಬಿಕೆಯಾಗಲಿಲ್ಲ. ಬೇಡ ಅನ್ನುತ್ತಿರಲಿಲ್ಲ, ನಿಜ. ನೋಡೋಣ ಅನ್ನುತ್ತಿದ್ದಳು. ಪರಶುವನ್ನು ನಾಲ್ಕು ಸಲ ಓಡಾಡಿಸುತ್ತಿದ್ದಳು. ಅಷ್ಟು ದಿನ ಆ ಗಂಟು ಬೆಳೆಯುತ್ತಿತ್ತು.

"ಭಾವಾರಿಗೆ ಎದಿ ಬ್ಯಾನಿ ಅಂತ ನಮಗ ನಿನ್ನಿನ ಗೊತ್ತಾತು," ಎಂದಳು ಕೋಮಲ. "ಮೊದಲ ಹೇಳಿದ್ರ ನಾ ನಿಲ್ಲಸ್ತಿದ್ದೆ. ಅವರು ನಮ್ಮ ಮುಂದ ತಮ್ಮ ಬ್ಯಾನಿ ಮುಚ್ಚಿಟ್ರು, ನಿಮ್ಮ ಮುಂದ ನನ್ನ ಬ್ಯಾನಿ ಮುಚ್ಚಿಟ್ರು. ಅಲ್ಲಕ್ಕಾ, ಒಂದು ಮಾತು ಕೇಳ್ಲೇನು?"

"ಕೇಳು."

"ಮೂರು ವರ್ಷದ ಹಿಂದ ನಿಮ್ಮ ಮನಿ ಕಟ್ಟಿ ಮ್ಯಾಲ ಕುಂತು ಬೇಡಿದ್ದೆ. ತಹಶೀಲ್ದಾರ ಆಫೀಸಿಗೆ ಬಂದು ಒಪ್ಪಿಗಿ ಕೊಡ್ರಿ, ನಮ್ಮ ಹೆಸರು ಬ್ಯಾರೆ ಮಾಡಸ್ಕೋತೇವಿ ಅಂತ. ಏನಂದ್ರಿ ನೀವು?"

ಸಾವಂತ್ರವ್ವನಿಗೆ ನೆನಪಿತ್ತು. ಕಾರ್ಡು ಒಡೆದರೆ ಎರಡೂ ರದ್ದಾಗುತ್ತವೆ ಎಂದು ಹೇಳಿದ್ದಳು. ಅಂಥ ಭಯ ಊರಲ್ಲಿ ಎಲ್ಲರಿಗೂ ಇತ್ತು. ಆದರೆ ಅವಳದು ಅದೊಂದೇ ಆಗಿರಲಿಲ್ಲ. ಕಾರ್ಡಿನಲ್ಲಿ ಯಜಮಾನಿ ಎಂದು ಅವಳ ಫೋಟೊ ಇತ್ತು, ಕೋಮಲಳ ಹೆಸರು ಐದನೆಯ ಸಾಲಿನಲ್ಲಿತ್ತು. ಹೊಲ ಒಡೆದು ಹೋದಮೇಲೆ ಅವಳಿಗೆ ಉಳಿದಿದ್ದ ಹಿರಿತನ ಅದೊಂದೇ. ಗೃಹಲಕ್ಷ್ಮಿಯ ಎರಡು ಸಾವಿರಕ್ಕಾಗಿ ಇವಳೂ ಯಜಮಾನಿಯಾಗಲು ಹೊರಟಿದ್ದಾಳೆ ಎಂದು ಅನುಮಾನಪಟ್ಟು ಕಳಿಸಿದ್ದಳು.

"ಆವತ್ತ ಎರಡ ಆಗಿದ್ರ," ಎಂದಳು ಕೋಮಲ, "ನಮಗ ಐದು ಲಕ್ಷ, ನಿಮಗ ಐದು ಲಕ್ಷ. ಯಾರೂ ಯಾರ ಬಾಗಲಕ್ಕೂ ಬರ್ತಿದ್ದಿಲ್ಲ."

ಅವಳು ಸೆರಗನ್ನು ಮತ್ತೆ ಹಣೆಯವರೆಗೆ ಎಳೆದುಕೊಂಡಳು.

"ಸೋಮವಾರ ಭಾವಾರ ಹೆಸರ ಬರಸ್ರಿ," ಎಂದಳು ಕೋಮಲ. "ನಂದು ನಡೀತೈತಿ."

"ನಡೀತೈತಿ ಅಂತ ಡಾಕ್ಟರ ಅಂದಾರೇನು?"

"ಕೇಳಿಲ್ಲ ಇನ್ನಾ."

ಇಷ್ಟು ಸುಲಭವಾಗಿ ಬಿಟ್ಟುಕೊಡುವವಳೆ ಇವಳು? ಇದರಲ್ಲೂ ಏನೋ ಇರಬೇಕು ಎಂದು ಸಾವಂತ್ರವ್ವನ ಮನಸ್ಸು ರೂಢಿಯಂತೆ ಹುಡುಕಾಡಿತು. ಸಣ್ಣ ಕೋಣೆ, ಹಗ್ಗದ ಮೇಲೆ ಎರಡು ಸೀರೆ, ಮೂಲೆಯಲ್ಲಿ ತನ್ನ ಮನೆಯಿಂದಲೇ ಬಂದ ಅಕ್ಕಿ ಚೀಲ. ಏನೂ ಸಿಗಲಿಲ್ಲ. ಸಿಗದೆ ಇದ್ದದ್ದೇ ಅವಳಿಗೆ ಹೆಚ್ಚು ಹಿಂಸೆಯಾಯಿತು.

"ಒಂದು ಸಲೈನಿಗೆ ಎಷ್ಟ ಆಗ್ತೈತಿ?"

"ರೊಕ್ಕಾ ಕೊಟ್ರ ಇಪ್ಪತ್ತು ಸಾವಿರದ ತನಕ ಅಂತಾರ. ಯಾಕ?"

"ಕಾರ್ಡಿನ್ಯಾಗಿಂದು ಅವರಿಗಿರ್ಲಿ. ನಿನ್ನವು ಎರಡೂ ನಾ ಕೊಡ್ತೇನಿ. ಗೃಹಲಕ್ಷ್ಮಿ ರೊಕ್ಕಾ ಬ್ಯಾಂಕಿನ್ಯಾಗ ಹಂಗ ಐತಿ, ನಾ ಮುಟ್ಟಿಲ್ಲ."

ಕೋಮಲಳ ಮುಖ ಸಡಿಲಾಗಲಿಲ್ಲ. ಕಣ್ಣು ಇನ್ನೂ ಕಿರಿದಾದವು. ಮೊನ್ನೆ ತಾನು ಮೇಜಿನ ಹಿಂದಿನ ಹುಡುಗಿಯನ್ನು ನೋಡಿದ್ದು ಹೀಗೆಯೇ ಎಂದು ಸಾವಂತ್ರವ್ವನಿಗೆ ಗೊತ್ತಾಯಿತು.

"ಅದಕ್ಕ ಬದಲಿ ಏನ ಕೇಳಾವ್ರು ನೀವು?"

ಏನೂ ಇಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಅದು ಸುಳ್ಳಿನಂತೆ ಕೇಳಿಸುತ್ತಿತ್ತು.

ಕೋಮಲ ಎದ್ದು ಪೆಟ್ಟಿಗೆಯಿಂದ ಆಸ್ಪತ್ರೆಯ ದಪ್ಪ ಫೈಲು ತಂದು ಅವಳ ಮುಂದೆ ಇಟ್ಟಳು. "ಮೊದಲ ಇದನ್ನ ಯಾರ ಕಡೆನಾರ ಓದಸ್ರಿ. ಖರೇ ಐತೋ ಸುಳ್ಳೈತೋ ನೋಡ್ರಿ. ಆಮ್ಯಾಲ ಕೊಡ್ರಿ. ನಾಳಿಗೆ ನೀವ ಇನ್ನೊಂದು ಅನಬಾರದು."

ಸಾವಂತ್ರವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಫೈಲನ್ನು ಒಯ್ದು ಊರ ಸಾಲಿಮಾಸ್ತರನಿಂದ ಓದಿಸಬೇಕು ಎಂಬ ಆಸೆ ಒಳಗಿನಿಂದ ಎದ್ದಿತು. ಬೋಳು ತಲೆಯನ್ನು ಕಂಡ ಮೇಲೂ ಎದ್ದಿತು. ಅದನ್ನು ಅವಳು ತನ್ನೊಳಗೆ ಸ್ಪಷ್ಟವಾಗಿ ಕಂಡಳು. ಆಮೇಲೆ ಫೈಲನ್ನು ಬೆರಳಿನಿಂದ ಮೆಲ್ಲಗೆ ಕೋಮಲಳ ಕಡೆ ದೂಡಿದಳು.

"ಸೋಮವಾರ ಎಷ್ಟಕ್ಕ ಹೋಗ್ತಿ?"

"ಎಂಟರ ಬಸ್ಸಿಗೆ."

"ನಮ್ಮ ಬಸ್ಸು ಇಲ್ಲಿಗೆ ಬರೂದ್ರಾಗ ಎಂಟು ಹೊಡಿತೈತಿ. ನಿಂದೂ ಸೇರಿ ಮೂರು ಜಾಗಾ ಹಿಡಿದಿರು. ನಿಮ್ಮ ಭಾವಗ ನಿಂತು ಬರಾಕ ಆಗಂಗಿಲ್ಲ."

ಕೋಮಲ ಫೈಲನ್ನು ತೊಡೆಯ ಮೇಲೆ ತೆಗೆದುಕೊಂಡು, ಕಪ್ಪಿಟ್ಟ ಬೆರಳುಗಳಿಂದ ಹಾಳೆಗಳನ್ನು ಒಂದೊಂದಾಗಿ ಹೊರಳಿಸಿ, ಎಲ್ಲವೂ ಇವೆಯೋ ಇಲ್ಲವೋ ಎಂದು ಎಣಿಸತೊಡಗಿದಳು. ಎಣಿಸಿ ಮುಗಿಯುವವರೆಗೆ ಸಾವಂತ್ರವ್ವ ಎದ್ದುಹೋಗಲಿಲ್ಲ.