ಹಲಗೆಯ ಕೊನೆಯ ಸಾಲು

ಕಿಲ್‌ಬ್ರೆನನ್ ಕುದುರೆಪಂದ್ಯದ ಮೈದಾನದಲ್ಲಿ, ಸವಾರರನ್ನು ತೂಗುವ ತೂಕದ ಕೋಣೆಯಲ್ಲಿ, ಒಂದು ಓಕ್ ಹಲಗೆ ಇತ್ತು. ಎರಡು ವರ್ಷದ ಹೆಣ್ಣುಕುದುರೆಗಳ ಪಂದ್ಯವನ್ನು ವರ್ಷವರ್ಷ ಗೆದ್ದವುಗಳ ಹೆಸರೆಲ್ಲ ಅದರ ಮೇಲೆ. ನೂರಾ ಹನ್ನೆರಡು ಹೆಸರು, ಕೆಳಗೆ ಇನ್ನೊಂದೇ ಸಾಲಿನ ಜಾಗ. ಮೈದಾನ ಮಾರಾಟವಾಗಿತ್ತು, ಮುಂದಿನ ವರ್ಷ ಇಲ್ಲಿ ಮನೆಗಳೇಳುತ್ತವೆ. ಆ ಒಂದು ಸಾಲು ಲಾಯದಲ್ಲಿ ಕುದುರೆ ಸಾಕುವ ನೋರೀನ್ ಟೂಮಿಗೆ ಬೇಕಾಗಿತ್ತು.

ಪಂದ್ಯ ಹುಟ್ಟಿದ್ದೇ ಹಠದಿಂದ. ಹಿಂದೆ ಊರಿನ ಬಿಯರ್ ವರ್ತಕನೊಬ್ಬ ತನ್ನ ಹೆಣ್ಣುಮರಿಯನ್ನು ಗಂಡುಗಳ ಜೊತೆ ಓಡಿಸಿ, ಸೋತು ನಗೆಪಾಟಲಾಗಿ, ಹೆಣ್ಣಿಗೆ ಹೆಣ್ಣೇ ಎದುರಾಗಲಿ ಎಂದು ಕಪ್ ಇಟ್ಟ. ಮೊದಲ ವರ್ಷ ಅವನ ಕುದುರೆಯೇ ಎಲ್ಲಕ್ಕಿಂತ ಹಿಂದೆ ಬಂತು. ಯುದ್ಧಕಾಲದಲ್ಲಿ ಮೂರೇ ಮೂರು ಕುದುರೆ ಓಡಿದ ವರ್ಷ, ನೋರೀನಳ ತಾಯಿ ಡೀಲಿಯಾ ಸಾಕಿದ ಕುದುರೆ ಒಂದು ಕತ್ತಿನ ಅಂತರದಲ್ಲಿ, ಅಂದರೆ ಕುದುರೆಯ ಕತ್ತಿನಷ್ಟೇ ಉದ್ದ ಹಿಂದುಳಿದು, ಸೋತಿತು. ಎರಡನೆಯದರ ಹೆಸರನ್ನು ಯಾರು ಬರೆಯುತ್ತಾರೆ? ಡೀಲಿಯಾ ಸಾಯುವ ತನಕ ಆ ಕತ್ತನ್ನೇ ಅಳೆಯುತ್ತಿದ್ದಳು.

ಗೆದ್ದ ದಿನವೇ ಸಂಜೆ ಬಣ್ಣ ಬಳಿಯುವ ಫಿಂಟನ್ ಏಣಿ ಹತ್ತಿ ಹಲಗೆಯ ಮೇಲೆ ಹೆಸರು ಬರೆಯುತ್ತಾನೆ. ಕುದುರೆಯನ್ನು ಸಾಕಿದವರು ಕೆಳಗೆ ಏಣಿ ಹಿಡಿಯಬೇಕು. ಒಡೆಯನಿಗೆ ಕಪ್, ಸಾಕಿದವರಿಗೆ ಏಣಿ. ನಲವತ್ತು ವರ್ಷ ಲದ್ದಿ ಎತ್ತಿದ ನೋರೀನಳಿಗೆ ಆ ಏಣಿಗಿಂತ ದೊಡ್ಡ ಆಸೆ ಇರಲಿಲ್ಲ.

ಕೊನೆಯ ಪಂದ್ಯದ ದಿನ, ತಾನು ಸಾಕಿದ ಹೆಣ್ಣುಕುದುರೆ ಕರ್ಲ್ಯೂಗೆ ಜೀನು ಕಟ್ಟಿದವಳೂ ಅವಳೇ. ಅದಕ್ಕೆ ತರಬೇತಿ ಕೊಟ್ಟ ಮುದುಕ ಮಲಾಕಿ ಒಡೆಯನ ಜೊತೆ ಮಾತಿಗೆ ನಿಂತಿದ್ದ. ಜೀನಿನಡಿಯ ಬಟ್ಟೆಯ ಜೇಬುಗಳಲ್ಲಿ, ಕುದುರೆ ಹೊರಲೇಬೇಕೆಂದು ನಿಗದಿಯಾದ ತೂಕವನ್ನು ಸರಿದೂಗಿಸಲು, ಸೀಸದ ಬಿಲ್ಲೆಗಳಿದ್ದವು. ಕರ್ಲ್ಯೂವಿನ ಹೆಗಲ ಬಳಿ ಚರ್ಮ ಉಜ್ಜಿ ಕೆಂಪಾಗಿತ್ತು. ಎರಡು ಬಿಲ್ಲೆ ಸರಿಯಾಗಿ ಅದರ ಮೇಲೇ ಒತ್ತುತ್ತಿದ್ದವು. ಹಿಂದಿನ ಜೇಬಿಗೆ ಹಾಕೋಣವೆಂದು ನೋರೀನ್ ಅವನ್ನು ತೆಗೆದಳು. ಅಷ್ಟರಲ್ಲಿ ಪಕ್ಕದ ಕುದುರೆ ಒದೆಯಿತು, ಕರ್ಲ್ಯೂ ಹಿಂಗಾಲ ಮೇಲೆ ಎದ್ದುನಿಂತಿತು. ಹಗ್ಗಕ್ಕೆ ಎರಡೂ ಕೈ ಬೇಕಾದವು. ಬಿಲ್ಲೆಗಳು ಅವಳ ಕೋಟಿನ ಜೇಬಿಗೆ ಬಿದ್ದವು. ಓಟಕ್ಕೆ ಕರೆಯುವ ಗಂಟೆ ಹೊಡೆಯಿತು.

ಕರ್ಲ್ಯೂ ಗೆದ್ದಿತು. ಒಂದು ಕತ್ತಿನ ಅಂತರದಲ್ಲಿ.

ನೋರೀನ್ ಓಡಿಹೋಗಿ ಲಗಾಮು ಹಿಡಿದಳು. ಮೇಲಿದ್ದ ಸವಾರ ಡೆಕ್ಲನ್ ಕೆಸರುಮುಖದಲ್ಲೇ ನಕ್ಕ.

"ಅಳ್ಬೇಡ ಕಣೇ, ಮೂಗು ಒರೆಸ್ಕೋ. ಇಲ್ದಿದ್ರೆ ಫೋಟೋದಲ್ಲಿ ನಿನಗಿಂತ ಕುದುರೆನೇ ಚೆನ್ನಾಗಿ ಕಂಡೀತು."

ಕರವಸ್ತ್ರಕ್ಕೆಂದು ಅವಳು ಕೋಟಿನ ಜೇಬಿಗೆ ಕೈ ಹಾಕಿದಳು. ಬೆರಳಿಗೆ ತಣ್ಣನೆಯ ಸೀಸ ತಗುಲಿತು.

ಗೆದ್ದ ಸವಾರನನ್ನು ಜೀನಿನ ಸಮೇತ ಮತ್ತೆ ತೂಗುತ್ತಾರೆ, ತೂಕ ಕಡಿಮೆ ಬಂದರೆ ಗೆಲುವು ಹೋಗುತ್ತದೆ. ಓಟದ ಹಾದಿಯಿಂದ ತೂಕದ ಕೋಣೆಗೆ ಇನ್ನೂರು ಹೆಜ್ಜೆ. ಅಷ್ಟೂ ದೂರ ಜನ ಚಪ್ಪಾಳೆ ತಟ್ಟಿದರು. "ನಿಮ್ಮಮ್ಮ ಇರ್ಬೇಕಿತ್ತು ಕಣೇ," ಎಂದು ಯಾರೋ ಬೆನ್ನು ತಟ್ಟಿದರು. ಅಮ್ಮ ಇಲ್ಲದಿದ್ದುದೇ ಒಳ್ಳೆಯದಾಯಿತು ಎಂದುಕೊಂಡಳು ನೋರೀನ್. ಡೆಕ್ಲನ್ ಇಳಿದು ಜೀನು ಬಿಚ್ಚುವಾಗ ಬಿಲ್ಲೆಗಳನ್ನು ಬಟ್ಟೆಯೊಳಗೆ ತೂರಿಸಬಹುದಿತ್ತು. ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಇದನ್ನು ಸತ್ಯಸಂಧತೆ ಎಂದು ಯಾರೂ ಹೊಗಳಬೇಕಾಗಿಲ್ಲ. ಸುತ್ತ ನೂರು ಕಣ್ಣಿದ್ದವು, ಅವಳಿಗೆ ಭಯವಾಯಿತು.

ಡೆಕ್ಲನ್ ಜೀನು ಹೊತ್ತು ತಕ್ಕಡಿಯಲ್ಲಿ ಕೂತ. ಗುಮಾಸ್ತ ಮುಳ್ಳನ್ನು ಎರಡು ಸಲ ನೋಡಿದ.

"ಎರಡು ಪೌಂಡ್ ಕಮ್ಮಿ ಇದೆಯಲ್ಲ ಸ್ವಾಮಿ."

"ನಾನು ಬೆಳಿಗ್ಗೆಯಿಂದ ಒಂದು ಬಿಸ್ಕತ್ತು ತಿಂದಿದೀನಿ, ಇನ್ನೊಂದ್ಸಲ ನೋಡಿ," ಅಂದ ಡೆಕ್ಲನ್. ಯಾರೂ ನಗಲಿಲ್ಲ.

ನೋರೀನ್ ಬಿಲ್ಲೆಗಳನ್ನು ಮೇಜಿನ ಮೇಲಿಟ್ಟಳು.

"ಇವು ಎಲ್ಲಿದ್ವು?" ಮಲಾಕಿ ಕೇಳಿದ.

"ನನ್ನ ಜೇಬಲ್ಲಿ. ಗಾಯಕ್ಕೆ ಒತ್ತುತ್ತೆ ಅಂತ ತೆಗ್ದೆ. ಮತ್ತೆ ಹಾಕೋದು ಮರ್ತೋಯ್ತು."

ಮಲಾಕಿ ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಬಿಲ್ಲೆಗಳನ್ನು ಅಂಗೈಯಲ್ಲಿ ತೂಗಿ ನೋಡಿದ.

"ಇವು ಇದ್ದಿದ್ರೂ ಗೆಲ್ತಿತ್ತೋ ಏನೋ. ಇನ್ನು ಹೇಳೋರು ಯಾರು, ನೋರೀನ್."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಾಯಿಗಾದರೂ ತನ್ನ ಕುದುರೆ ಸೋತದ್ದು ಖಂಡಿತವಾಗಿ ಗೊತ್ತಿತ್ತು.

ಎರಡನೆಯದಾಗಿ ಬಂದಿದ್ದ ಕುದುರೆ ಸಿಲ್ವರ್ ಥಿಂಬಲ್‌ಗೆ ಗೆಲುವು ಸಿಕ್ಕಿತು. ಅದರ ಕಡೆಯವರು ಡಬ್ಲಿನ್‌ನವರು. ಕಪ್ ತೆಗೆದುಕೊಂಡು, ಕುದುರೆಯನ್ನು ಲಾರಿಗೆ ಹತ್ತಿಸಿ, ಚಹಾ ಕೂಡ ಕುಡಿಯದೆ ಹೊರಟುಹೋದರು. ಏಣಿಯ ವಿಷಯ ಅವರಿಗೆ ಗೊತ್ತೂ ಇರಲಿಲ್ಲ.

ಸಂಜೆ ಬಕೆಟ್ ತೊಳೆದಿಡಲು ಬಂದ ನೋರೀನ್ ತೂಕದ ಕೋಣೆಗೆ ಇಣುಕಿದಳು. ಫಿಂಟನ್ ಬಿಳಿಯ ಬಣ್ಣದ ಡಬ್ಬಿ ಹಿಡಿದು ಏಣಿಯನ್ನು ಅಲುಗಿಸಿ ನೋಡುತ್ತಿದ್ದ. ಕಲ್ಲುನೆಲದ ಮೇಲೆ ಅದು ಜಾರುತ್ತಿತ್ತು.

"ಹಿಡ್ಕೊಳ್ಳೋರು ಯಾರೂ ಇಲ್ವಾ?" ಕೇಳಿದಳು.

"ಎಲ್ಲಾ ಹೋದ್ರು. ನೀನು ಹೋಗು ತಾಯಿ, ನಾನು ಹೆಂಗೋ ಬರೀತೀನಿ."

"ಎಪ್ಪತ್ತನೇ ವಯಸ್ಸಲ್ಲಿ ಸೊಂಟ ಮುರ್ಕೋತೀಯ. ನಾನು ಹಿಡ್ಕೋತೀನಿ, ಏಣಿ ಹತ್ತು."

ಅವನು ಹತ್ತಿದ. ನೋರೀನ್ ಎರಡೂ ಕೈಯಿಂದ ಏಣಿ ಹಿಡಿದು ತಲೆ ಎತ್ತಿದಳು. ಸಿಲ್ವರ್ ಥಿಂಬಲ್ ಎಂಬ ಹೆಸರು ಅಕ್ಷರ ಅಕ್ಷರವಾಗಿ ಮೂಡಿತು, ಕೊನೆಯ ಸಾಲಿನ ಜಾಗ ತುಂಬುತ್ತ ಬಂತು.

"ಗಟ್ಟಿಯಾಗಿ ಹಿಡ್ಕೋ, ಇನ್ನೊಂದೇ ಅಕ್ಷರ," ಅಂದ ಫಿಂಟನ್.

ಅವಳು ಹಿಡಿದುಕೊಂಡಳು.